ಬಸ್ಸೂ ಹೋಯ್ತು, ಬಸ್ಸಾರೂ ಹೋಯ್ತು

ನಮ್ಮಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ತುಮಕೂರು–ತಿಪಟೂರು ರೋಡಿನಲ್ಲೇ ಅರ್ಧ ಆಯಸ್ಸು ಕಳೆದವರು. ರಿಟೈರ್ ಆದ ಮೇಲೆ ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದರು. ಸಕ್ಕರೆ ಕಾಯಿಲೆ ಮೊದಲಿಂದ ಇತ್ತು. ಬಿ.ಪಿ. ಆಮೇಲೆ ಬಂದು ಸೇರಿಕೊಂಡಿತು. ಎರಡೂ ಸೇರಿ ಕಿಡ್ನಿ ಮುಗಿಸಿದವು. ಕೊನೆಯ ಮೂರು ವರ್ಷ ಚಿಲ್ಲರೆ ಅವರು ಬದುಕಿದ್ದು ಡಯಾಲಿಸಿಸ್ ಮೇಲೆ.

ಅಪ್ಪನ ಮುಂದೆ ಹೀಗೆ 'ಮೂರು ವರ್ಷ ಚಿಲ್ಲರೆ' ಅಂದಿದ್ದರೆ ತಕ್ಷಣ ಉತ್ತರ ಬರುತ್ತಿತ್ತು: "ಚಿಲ್ಲರೆ ಇಳಿಯುವಾಗ ತಗೋ."

ಡ್ಯೂಟಿಯಲ್ಲಿದ್ದ ಕಾಲದಲ್ಲಿ ಅಪ್ಪ ಇಂಥ ತಮಾಷೆಯ ಮನುಷ್ಯ ಆಗಿರಲಿಲ್ಲ. ದಿನವಿಡೀ 'ಮುಂದೆ ಹೋಗಿ, ಒಳಗೆ ಹೋಗಿ' ಅಂತ ಕೂಗಿ ಮನೆಗೆ ಬಂದರೆ ಮಾತೇ ಇಲ್ಲ. ಚರ್ಮದ ಬ್ಯಾಗು ಮೊಳೆಗೆ ತಗುಲಿಸಿ, ಕಾಲು ತೊಳೆದು, ಊಟ ಮಾಡಿ ಮಲಗಿಬಿಡುತ್ತಿದ್ದರು. ನಾನು, ನನ್ನ ತಮ್ಮ ಇಬ್ಬರೂ ಅವರಿಗೆ ಹೆದರಿಕೊಂಡೇ ಬೆಳೆದೆವು. ತಮಾಷೆಯೆಲ್ಲ ಶುರುವಾಗಿದ್ದು ಕಾಯಿಲೆ ಬಂದ ಮೇಲೆ. "ಕಿಡ್ನಿ ಹೋಯ್ತು, ಬಾಯಿ ಬಂತು" ಅಂತ ಅಮ್ಮ ಸಿಡುಕುತ್ತಿದ್ದಳು.

ಶುರುವಾಗಿದ್ದು ಡಾಕ್ಟರ ರೂಮಿನಲ್ಲೇ. ಕ್ರಿಯಾಟಿನಿನ್ ರಿಪೋರ್ಟು ಮುಂದಿಟ್ಟುಕೊಂಡು ಅವರು ನಿಧಾನವಾಗಿ ಹೇಳಿದರು. ಇನ್ನು ಡಯಾಲಿಸಿಸ್ ಬೇಕು. ವಾರಕ್ಕೆ ಮೂರು ಸಲ ಆದರೆ ಒಳ್ಳೆಯದು, ಎರಡು ಸಲವಂತೂ ಆಗಲೇಬೇಕು. ಹೃದಯ ಸರಿಯಿಲ್ಲದ್ದರಿಂದ ಕಿಡ್ನಿ ಕಸಿಯ ಮಾತು ಬೇಡ. ನಾನು ಅಮ್ಮನ ಕೈ ಹಿಡಿದುಕೊಂಡು ಕೂತಿದ್ದೆ. ಅಪ್ಪ ಕೇಳಿದರು, "ಎಲ್ಲೀತನಕ ಸಾರ್?"

"ಇರೋತನಕ."

"ಹಂಗಾದ್ರೆ ಪಾಸ್ ಮಾಡಿಸ್ಕೊಡಿ ಸಾರ್. ದಿನಾ ಟಿಕೆಟ್ ಹರಿಸೋದು ಯಾಕೆ?"

ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಜೋರಾಗಿ ನಕ್ಕರು. ನಾನೂ ನಕ್ಕೆ. ಅಮ್ಮ ನಗಲಿಲ್ಲ. ಈ ವಿಷಯ ನೆನಪಿಟ್ಟುಕೊಳ್ಳಿ, ಅಮ್ಮ ನಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹತ್ತನೇ ಕ್ಲಾಸಿನ ಜೀವಕ್ರಿಯೆಗಳ ಪಾಠದಲ್ಲಿ ಕೃತಕ ಕಿಡ್ನಿಯ ಬಗ್ಗೆ ಒಂದು ಸಣ್ಣ ಚೌಕ ಇದೆ. ಎಷ್ಟೋ ವರ್ಷ ಅದನ್ನು 'ಓದಿಕೊಳ್ಳಿ ಮಕ್ಕಳೇ' ಅಂತ ಹಾರಿಸಿಕೊಂಡು ಹೋಗಿದ್ದೇನೆ. ಆರೋಗ್ಯವಾಗಿರುವ ಕಿಡ್ನಿಗಳು ದಿನಕ್ಕೆ ಹತ್ತಿರಹತ್ತಿರ 180 ಲೀಟರ್ ಸೋಸಿ, ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರ ಮಾಡಿ ಕಳಿಸುತ್ತವೆ, ಉಳಿದಿದ್ದನ್ನು ದೇಹಕ್ಕೇ ವಾಪಸ್ ಕೊಡುತ್ತವೆ. ಆ ಕೆಲಸದಲ್ಲಿ ಒಂದು ಪಾಲನ್ನು ಮಾಡಲು ಮಿಷನ್ನಿಗೆ ನಾಲ್ಕು ಗಂಟೆ ಬೇಕು. ಕೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ ಹೊಲಿದು ಫಿಸ್ಟುಲಾ ಮಾಡಿರುತ್ತಾರೆ. ಅದಕ್ಕೆ ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಹೊರಗೆ ಹೋಗಿ ಮಿಷನ್ನಿನಲ್ಲಿ ಸೋಸಿಕೊಂಡು ಇನ್ನೊಂದರಿಂದ ಒಳಗೆ ಬರುತ್ತೆ. ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರಿನಂತೆ ತೊಳೆಯುವ ದ್ರಾವಣ ಹರಿಯುತ್ತೆ. ನಾಲ್ಕು ಗಂಟೆಗೆ 120 ಲೀಟರ್. ದಿನಕ್ಕೆ ಒಂದು ಲೀಟರ್ ನೀರು ಕುಡಿಯೋಕೂ ಪರ್ಮಿಷನ್ ಇಲ್ಲದ ಮನುಷ್ಯನಿಗೆ!

ಈ ಎರಡು ಸೂಜಿಯ ಕಥೆಯನ್ನು ನಾನು ಅಪ್ಪನಿಗೆ ಚಿತ್ರ ಬರೆದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಗೊತ್ತಾಯ್ತು ಬಿಡು. ಹಿಂದಿನ ಡೋರಲ್ಲಿ ಹತ್ತಬೇಕು, ಮುಂದಿನ ಡೋರಲ್ಲಿ ಇಳೀಬೇಕು" ಅಂದರು. ಈಗ ಕ್ಲಾಸಿನಲ್ಲಿ ನಾನು ಹೇಳಿಕೊಡುವುದೂ ಹಾಗೇ. ಒಬ್ಬರೂ ಮರೆಯುವುದಿಲ್ಲ.

ಅಲ್ಲಿಂದ ಮುಂದೆ ಆ ಡಯಾಲಿಸಿಸ್ ವಾರ್ಡು ಅಪ್ಪನ ಬಸ್ಸಾಯಿತು. ನಾಲ್ಕು ಗಂಟೆಯನ್ನು ಅವರು ತುಮಕೂರು–ತಿಪಟೂರು ರೂಟಿಗೆ ಹೊಂದಿಸಿಬಿಟ್ಟಿದ್ದರು. ಒಂದು ಗಂಟೆ ಆದರೆ ಗುಬ್ಬಿ. ಎರಡಾದರೆ ನಿಟ್ಟೂರು. ಮೂರಾದರೆ ಕೆ.ಬಿ. ಕ್ರಾಸ್. ನಾಲ್ಕಾದರೆ ತಿಪಟೂರು, ಎಲ್ಲರೂ ಇಳೀರಿ. ಪಕ್ಕದ ಬೆಡ್ಡಿನ ಆಟೋ ಓಡಿಸುವವರು "ಎಲ್ಲಿದ್ದೀವಿ ಯಜಮಾನ್ರೇ?" ಅಂತ ಕೇಳೋರು. "ಇನ್ನೂ ಗುಬ್ಬಿ ಬಸ್‌ಸ್ಟ್ಯಾಂಡಲ್ಲೇ ಇದೀವಿ, ಡ್ರೈವರ್ ಬೋಂಡ ತಿಂತಾವ್ನೆ" ಅಂತ ಅಪ್ಪ. ಮಿಷನ್ನು ಅಲಾರಾಂ ಹೊಡೆದರೆ "ಹೋಲ್ಡಾನ್!" ಟೆಕ್ನಿಷಿಯನ್ ಬಂದು ಬಟನ್ ಒತ್ತಿದರೆ "ರೈಟ್, ಹೋಗ್ಲಿ." ಡಾಕ್ಟರು ರೌಂಡ್ಸಿಗೆ ಬಂದರೆ "ಚೆಕಿಂಗ್ ಬಂದವ್ರೆ, ಎಲ್ಲ ಟಿಕೆಟ್ ಕೈಯಲ್ಲಿಟ್ಕೊಳ್ಳಿ."

ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ನೀರು ಸೇರಿಕೊಂಡು ತೂಕ ಏರುತ್ತೆ. ಒಳಗೆ ಹೋಗುವ ಮೊದಲು ತೂಕ ನೋಡುತ್ತಾರೆ. ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕಕ್ಕೆ ಡ್ರೈ ವೈಟ್ ಅನ್ನುತ್ತಾರೆ. ಅದಕ್ಕಿಂತ ಜಾಸ್ತಿ ಇದ್ದಿದ್ದೆಲ್ಲ ಅಪ್ಪನ ಭಾಷೆಯಲ್ಲಿ ಲಗೇಜು. "ಇವತ್ತು ಎರಡೂವರೆ ಕೆ.ಜಿ. ಲಗೇಜ್ ಐತೆ ಸಿಸ್ಟರ್. ಚಾರ್ಜ್ ಹಾಕ್ಬೇಡಿ, ಸ್ಟಾಫು."

ಈಗ ಊಟದ ವಿಷಯ. ಕಿಡ್ನಿ ಇಲ್ಲದವರ ಊಟದ ಪಟ್ಟಿ ನೋಡಿದರೆ ಅದನ್ನು ಯಾರೋ ತುಮಕೂರು ಜಿಲ್ಲೆಯ ಮೇಲಿನ ಸಿಟ್ಟಿಗೇ ಬರೆದಂತೆ ಕಾಣುತ್ತೆ. ಪೊಟ್ಯಾಷಿಯಂ ಜಾಸ್ತಿ ಆದರೆ ಹೃದಯ ನಿಂತೇಹೋಗಬಹುದು. ಅದಕ್ಕೆ ಬಾಳೆಹಣ್ಣು ಬೇಡ, ಟೊಮ್ಯಾಟೊ ಬೇಡ. ರಾಗಿ ಮುದ್ದೆ ಕಮ್ಮಿ. ಎಳನೀರಂತೂ ಹತ್ತಿರವೂ ಬರಬಾರದು. ಮನೆ ಸುತ್ತ ತೆಂಗಿನ ಮರ, ಜಿಲ್ಲೆಗೇ ಕಲ್ಪತರು ನಾಡು ಅಂತ ಹೆಸರು. ಅಪ್ಪ ಜಗಲಿಯಲ್ಲಿ ಕೂತು ಮೇಲೆ ನೋಡುತ್ತಾ, "ನಾನು ನೀರು ಹಾಕ್ದೆ, ಗೊಬ್ಬರ ಹಾಕ್ದೆ. ಈಗ ನೋಡು, ಒಂದೊಂದು ಮರಾನೂ ನನ್ನ ಕೊಲ್ಲೋಕೆ ಹೊಂಚು ಹಾಕ್ತಾ ಐತೆ" ಅನ್ನೋರು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಬಸ್ಸಾರಿಗೆ. ಸೊಪ್ಪು ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ ತಿನ್ನಿ ಅಂತ ಆಸ್ಪತ್ರೆಯ ಡಯಟಿಷಿಯನ್ ಹೇಳಿದರು. ಪೊಟ್ಯಾಷಿಯಂ ಆ ನೀರಿಗೆ ಇಳಿದು ಹೋಗಿರುತ್ತೆ. ಪಾಪ, ಆ ಹುಡುಗಿ ಹಳೇ ಮೈಸೂರು ಕಡೆಯವಳಲ್ಲ ಅಂತ ಕಾಣುತ್ತೆ. ಬಸಿದ ನೀರನ್ನು ಚೆಲ್ಲಿ ಅಂತ ನಮ್ಮಮ್ಮನಿಗೆ ಹೇಳೋದಾ? ಆ ಕಟ್ಟಿನಲ್ಲೇ ಅಲ್ವಾ ಬಸ್ಸಾರು ಆಗೋದು! ಅಮ್ಮ ಮನೆಗೆ ಬರುವವರೆಗೂ ಬಾಯಿ ಬಿಡಲಿಲ್ಲ. ಬಂದಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಹಂಗಾದ್ರೆ ಸಾರಿಗೆ ಏನು ಮಾಡೋದು?"

ಅಪ್ಪ ಹೇಳಿದರು, "ರಿಟೈರ್ ಆದಾಗ ಬಸ್ಸು ಹೋಯ್ತು. ಈಗ ಬಸ್ಸಾರೂ ಹೋಯ್ತು."

ತಮ್ಮ ಬೆಂಗಳೂರಿಂದ ವಿಡಿಯೋ ಕಾಲ್‌ನಲ್ಲಿದ್ದ. ಅವನು ಕಾಲ್ ಕಟ್ ಮಾಡಿಬಿಟ್ಟ. ನೆಟ್‌ವರ್ಕ್ ಹೋಯ್ತು ಅಂತ ಆಮೇಲೆ ಮೆಸೇಜ್ ಹಾಕಿದ. ನೆಟ್‌ವರ್ಕ್ ಚೆನ್ನಾಗೇ ಇತ್ತು.

ಡ್ರೈ ವೈಟಿನ ಬಗ್ಗೆ ಇನ್ನೊಂದು ಹೇಳಲೇಬೇಕು. ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ಆಗುತ್ತೆ ಗೊತ್ತಲ್ಲ? ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಹಾಕಿರುತ್ತಾರೆ. ಒಳಗಿನ ನೀರು ಇಂಗಬೇಕು. ಅಲ್ಲಾಡಿಸಿದರೆ ಗಿಟುಕು ಗಡಗಡ ಅನ್ನಬೇಕು. ಆಗ ಒಡೆಯೋದು. ನೀರಿನ ಲೆಕ್ಕ ತೀರಾ ಬಿಗಿಯಾಗಿದ್ದ ಒಂದು ಬೇಸಿಗೆಯಲ್ಲಿ, ಬಾಯಿಗೆ ಐಸ್ ತುಂಡು ಹಾಕಿಕೊಂಡು ಬಾಯಾರಿಕೆ ತಡೆಯುತ್ತಿದ್ದ ಅಪ್ಪ, ಕೊಬ್ಬರಿ ವ್ಯಾಪಾರಿ ಮನೆಗೆ ಬಂದಾಗ ತಲೆಯನ್ನು ಅವನ ಕಿವಿಯ ಹತ್ತಿರ ತಗೊಂಡು ಹೋಗಿ ಅಲ್ಲಾಡಿಸಿ, "ನೋಡಪ್ಪ, ರೆಡಿ ಆಗಿದೀನಾ?" ಅಂದರು. ಆ ಮನುಷ್ಯನಿಗೆ ನಗಬೇಕೋ ಅಳಬೇಕೋ ಗೊತ್ತಾಗದೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಮನೆಗೆ ನೋಡಲು ಬರುವವರದ್ದೇ ಒಂದು ಪುರಾಣ. ಗೇಟಿನ ಹತ್ತಿರ ಜೋರಾಗಿ ಮಾತಾಡಿಕೊಂಡು ಬರುವವರು ಬಾಗಿಲ ಹತ್ತಿರ ಬಂದಾಗ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದರು. ಅದು ನಮಗೆ ಕಿಟಕಿಯಿಂದ ಕಾಣಿಸುತ್ತಿತ್ತು. ಆಮೇಲೆ ಸಲಹೆ ಶುರು. ಬಾಳೆದಿಂಡಿನ ಪಲ್ಯ ತಿನ್ನಿ. ಬಾರ್ಲಿ ನೀರು ಚೆನ್ನಾಗಿ ಕುಡೀರಿ. ಮೊದಲೇ ನೀರು ಜಾಸ್ತಿ ಕುಡಿದಿದ್ರೆ ಹಿಂಗಾಗ್ತಿರಲಿಲ್ಲ. ಕಿಡ್ನಿ ಕಲ್ಲಿಗೂ ಕಿಡ್ನಿ ಸತ್ತುಹೋಗುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರೇ ಜಾಸ್ತಿ. ನನಗೆ ಮೈ ಉರಿಯುತ್ತಿತ್ತು. ಅಪ್ಪ ಮಾತ್ರ ಗಂಭೀರವಾಗಿ ಕೇಳಿಸಿಕೊಂಡು, "ಎಲ್ಲ ಮಾಡೋಣ. ಮೊದಲು ನೀವು ಹೇಳಿ, ಇದನ್ನೆಲ್ಲ ತಿಂದು ಯಾರಾದ್ರೂ ಉಳಿದವ್ರಾ? ಅಡ್ರೆಸ್ ಕೊಡಿ" ಅನ್ನೋರು. ಒಬ್ಬ ದೂರದ ನೆಂಟರು ತೀರಾ ಹತ್ತಿರ ಬಂದು ಕಣ್ಣೀರು ಹಾಕಿದಾಗ, "ಊರಿಗೆಲ್ಲ ಟಿಕೆಟ್ ಕೊಟ್ಟೋನು ನಾನು. ನನಗೆ ಟಿಕೆಟ್ ಕೊಡೋಕೆ ಅವನೇ ಬರ್ಬೇಕು. ಬರುವಾಗ ಚಿಲ್ಲರೆ ಸರಿಯಾಗಿ ತರ್ಲಿ" ಅಂದುಬಿಟ್ಟರು. ಅತ್ತವರೂ ನಕ್ಕರು.

ಬಿ.ಎಡ್. ಓದುವಾಗ ಉರು ಹೊಡೆದ ಪಾಪಕ್ಕೆ ನನಗೆ ಮನಃಶಾಸ್ತ್ರಜ್ಞ ಫ್ರಾಯ್ಡ್ ಅಂದರೆ ಈಗಲೂ ಅಲರ್ಜಿ. ಆದರೂ ಇಲ್ಲಿ ಅವನನ್ನು ಕರೆಯಬೇಕು. 1927ರಲ್ಲಿ ಅವನು ಹಾಸ್ಯದ ಬಗ್ಗೆ ಒಂದು ಚಿಕ್ಕ ಲೇಖನ ಬರೆದ. ಅದರಲ್ಲಿ ಒಬ್ಬ ಕೈದಿ ಬರುತ್ತಾನೆ. ಸೋಮವಾರ ಬೆಳಗ್ಗೆ ಗಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ಅವನು "ವಾರ ಚೆನ್ನಾಗೇ ಶುರುವಾಯ್ತು" ಅನ್ನುತ್ತಾನೆ. ಫ್ರಾಯ್ಡ್ ಹೇಳುವುದು ಇಷ್ಟು: ನೋಡುವವರು ಆ ಮನುಷ್ಯ ಅಳುತ್ತಾನೆ, ಹೆದರುತ್ತಾನೆ ಅಂದುಕೊಂಡು ತಾವೂ ಅದಕ್ಕೆ ತಯಾರಾಗಿರುತ್ತಾರೆ. ಅವನು ಅಳುವುದೇ ಇಲ್ಲ. ತಯಾರು ಮಾಡಿಟ್ಟುಕೊಂಡಿದ್ದ ಮರುಕಕ್ಕೆ ಕೆಲಸವಿಲ್ಲದೆ ಅದು ನಗುವಾಗಿ ಹೊರಗೆ ಬರುತ್ತೆ. ನಮ್ಮ ಮನೆಯ ಬಾಗಿಲಲ್ಲಿ ಸಪ್ಪೆ ಮುಖ ಹಾಕಿಕೊಂಡು ಬಂದವರಿಗೆ ಆಗುತ್ತಿದ್ದಿದ್ದು ಅದೇ. ಅವರು ತಂದ ಮರುಕವನ್ನು ಅಪ್ಪ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಯಾರು ಹತ್ತಬೇಕು, ಯಾರು ಇಳಿಯಬೇಕು ಅನ್ನೋದು ಇನ್ನೂ ಅವರ ಸೀಟಿಯಲ್ಲೇ ಇತ್ತು. ಮೈಯ ಮೇಲಿನ ಹಿಡಿತ ಪೂರ್ತಿ ಹೋದ ಮನುಷ್ಯನಿಗೆ ಅದೇನು ಸಣ್ಣ ವಿಷಯವಲ್ಲ.

ಹಾಗಂತ ಅವರು ಎಲ್ಲದಕ್ಕೂ ತಮಾಷೆ ಮಾಡುತ್ತಿರಲಿಲ್ಲ. ಕಾಲೇಜು ಓದುತ್ತಿದ್ದ ಒಬ್ಬ ಹುಡುಗ ಅದೇ ಶಿಫ್ಟಿಗೆ ಬರುತ್ತಿದ್ದ. ಹುಟ್ಟಿನಿಂದಲೇ ಕಿಡ್ನಿ ಸಣ್ಣದಂತೆ. ಅವನ ಸೂಜಿ ಎರಡು ಮೂರು ಸಲ ತಪ್ಪಿ ಕೈ ಊದಿಕೊಂಡು ಅವನು ಬಿಕ್ಕಿ ಅತ್ತ ದಿನ ಅಪ್ಪ ಗುಬ್ಬಿಯನ್ನೂ ಕೂಗಲಿಲ್ಲ, ನಿಟ್ಟೂರನ್ನೂ ಕೂಗಲಿಲ್ಲ. ಮಿಷನ್ನಿನಿಂದ ಬಿಡಿಸಿಕೊಂಡ ಮೇಲೆ ಅವನ ಬೆಡ್ಡಿನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಏನು ಮಾತಾಡಿದರೋ ಗೊತ್ತಿಲ್ಲ. ಒಂದು ವಾರ ಆಟೋದವರ ಬೆಡ್ಡು ಖಾಲಿ ಇತ್ತು. ಯಾರೂ ಯಾಕೆ ಅಂತ ಕೇಳಲಿಲ್ಲ, ಅಲ್ಲಿ ಹಾಗೆ ಕೇಳುವುದಿಲ್ಲ. ಅವತ್ತೂ ಬಸ್ಸು ಓಡಲಿಲ್ಲ. ತಮಾಷೆ ಮಾಡುವವರಲ್ಲಿ ನನಗೆ ನಂಬಿಕೆ ಬರುವುದು ಅವರು ಯಾವಾಗ ಬಾಯಿ ಮುಚ್ಚುತ್ತಾರೆ ಅನ್ನುವುದನ್ನು ನೋಡಿಯೇ.

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ.

ಅಮ್ಮ ಆ ಮೂರು ವರ್ಷದಲ್ಲಿ ಅಪ್ಪನ ಒಂದು ಮಾತಿಗೂ ನಕ್ಕಿದ್ದು ನಾನು ನೋಡಿಲ್ಲ. "ನಿಮ್ಮ ಹುಡುಗಾಟ ಸಾಕು" ಅನ್ನೋಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಫ್ರೀ ಆದಾಗ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಮ್ಮನಿಗೆ ಶೂನ್ಯ ಟಿಕೆಟ್, ಅಪ್ಪನಿಗೆ ದುಡ್ಡಿನ ಟಿಕೆಟ್. "ಸರ್ವೀಸ್ ಮಾಡ್ದೋನು ನಾನು, ಫ್ರೀ ಇವಳಿಗೆ" ಅಂತ ಅಪ್ಪ ಕಂಡಕ್ಟರ್ ಹುಡುಗನ ಹತ್ತಿರ ದೂರು ಹೇಳಿದರೆ ಇಡೀ ಬಸ್ಸು ನಗುತ್ತಿತ್ತು. ಅಮ್ಮ ಕಿಟಕಿಯ ಕಡೆ ತಿರುಗಿಕೊಳ್ಳೋಳು.

ಅವಳಿಗೆ ಹಾಸ್ಯಪ್ರಜ್ಞೆ ಇಲ್ಲ ಅಂತ ನಾವು ಮಕ್ಕಳು ತೀರ್ಮಾನ ಮಾಡಿಬಿಟ್ಟಿದ್ದೆವು. ನಡೆಯುತ್ತಿದ್ದದ್ದು ಬೇರೆ. ನಾವು ಅಪ್ಪನ ಮಾತನ್ನು ತಮಾಷೆ ಅಂತ ಕೇಳುತ್ತಿದ್ದೆವು, ಅಮ್ಮ ರಿಪೋರ್ಟ್ ಅಂತ ಕೇಳುತ್ತಿದ್ದಳು. "ಲಗೇಜ್ ಜಾಸ್ತಿ" ಅಂದರೆ ಅವಳು ಸೀದಾ ಬಂದು ಅಪ್ಪನ ಪಾದದ ಮೇಲೆ ಬೆರಳು ಒತ್ತಿ ಗುಳಿ ಬೀಳುತ್ತಾ ಅಂತ ನೋಡೋಳು. ಒಂದು ರಾತ್ರಿ "ಲೋಡ್ ಜಾಸ್ತಿ ಆಗೈತೆ, ಘಾಟಿ ಹತ್ತುತಾ ಇಲ್ಲ" ಅಂತ ಅಪ್ಪ ದಿಂಬಿಗೆ ಒರಗಿಕೊಂಡು ಅಂದಾಗ ನಾನು ಫೋನಿನಲ್ಲಿ ನಗುತ್ತಿದ್ದೆ. ಅಮ್ಮ ಅಷ್ಟೊತ್ತಿಗೆ ಪಕ್ಕದ ಮನೆಯವರ ಕಾರು ಕರೆಸಿದ್ದಳು. ಶ್ವಾಸಕೋಶಕ್ಕೆ ನೀರು ತುಂಬಿತ್ತು.

ಫಿಸ್ಟುಲಾದ್ದೂ ಅಷ್ಟೇ. ಅದು ಸರಿಯಾಗಿದ್ದರೆ ಮೇಲೆ ಕೈ ಇಟ್ಟಾಗ ಸಣ್ಣಗೆ ಝುಂ ಅನ್ನುತ್ತಾ ಅದುರುತ್ತಿರುತ್ತೆ. ದಿನಾ ಮುಟ್ಟಿ ನೋಡಿಕೊಳ್ಳಿ ಅಂತ ಆಸ್ಪತ್ರೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅಪ್ಪ ಬೆಳಗ್ಗೆ ಎದ್ದ ತಕ್ಷಣ ಎಡಗೈಯನ್ನು ಕಿವಿಗೆ ಇಟ್ಟುಕೊಂಡು "ಎಂಜಿನ್ ಐಡ್ಲಿಂಗಲ್ಲಿ ಐತೆ" ಅನ್ನೋರು. ಮನೆಗೆ ಬಂದ ಮಕ್ಕಳ ಕೈಯಲ್ಲೆಲ್ಲ ಮುಟ್ಟಿಸೋರು. ಒಂದು ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ, "ಇವತ್ತು ಎಂಜಿನ್ ಆಫು. ಡ್ರೈವರ್ ಟೀ ಕುಡಿಯೋಕೆ ಹೋಗವ್ನೆ" ಅಂದರು. ಅಮ್ಮ ಕಾಫಿ ಲೋಟ ಕೈಯಿಂದ ಕಿತ್ತುಕೊಂಡು ಎಬ್ಬಿಸಿದಳು. ರಕ್ತ ಹೆಪ್ಪುಗಟ್ಟಿತ್ತು. ಅವತ್ತೇ ಹೋಗಿದ್ದರಿಂದ ಹೆಪ್ಪು ತೆಗೆದು ಅದೇ ಫಿಸ್ಟುಲಾ ಉಳಿಸಿಕೊಂಡರು. ತಡ ಮಾಡಿದ್ದರೆ ಇನ್ನೊಂದು ಕಡೆ ಹೊಸದಾಗಿ ಮಾಡಬೇಕಿತ್ತು. ಅದು ಕೆಲಸಕ್ಕೆ ಬರುವ ತನಕ ಕುತ್ತಿಗೆಗೆ ಟ್ಯೂಬು.

ಅಪ್ಪನಿಗೆ ಭಯ ಅನ್ನುವುದನ್ನು ನೇರವಾಗಿ ಹೇಳಲು ಬರುತ್ತಿರಲಿಲ್ಲ. ಆ ಕಾಲದ ಗಂಡಸರಿಗೆ ಯಾರೂ ಅದನ್ನು ಕಲಿಸಿರಲಿಲ್ಲ. ಬಸ್ಸಿನ ಭಾಷೆಯಲ್ಲಾದರೆ ಉಸಿರು ಕಟ್ಟುತ್ತಿದೆ ಅಂತಲೂ ಹೇಳಬಹುದಿತ್ತು, ಸಾಯುತ್ತೇನೆ ಅಂತಲೂ ಹೇಳಬಹುದಿತ್ತು. ಅಮ್ಮನಿಗೆ ಅದು ಗೊತ್ತಿತ್ತು. ಅವಳು ನಗುತ್ತಾ ಕೂತಿದ್ದರೆ ಅಪ್ಪ ಅಷ್ಟು ದಿನ ಇರುತ್ತಿರಲಿಲ್ಲ.

ಕೊನೆಯದು ಹೃದಯದ ತೊಂದರೆ. ಸಂಜೆ ಅಡ್ಮಿಟ್ ಮಾಡಿದಾಗ "ಇವತ್ತು ನೈಟ್ ಹಾಲ್ಟ್" ಅಂದರು. ಬೆಳಗಿನ ಜಾವ ಹೋದರು. ಅದರ ಬಗ್ಗೆ ಇಲ್ಲಿ ಇಷ್ಟೇ ಸಾಕು.

ಮೂರನೇ ದಿನ ಹಾಲು ತುಪ್ಪ ಮುಗಿಯಿತು. ಹನ್ನೊಂದನೇ ದಿನ ತಿಥಿ. ನಮ್ಮ ಕಡೆ ಅವತ್ತು ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುತ್ತೇವೆ. ಅತ್ತೆ, ಚಿಕ್ಕಮ್ಮ, ನಾನು ಎಲೆ ಹಾಕಿ ಬಡಿಸುತ್ತಿದ್ದೆವು. ಮುದ್ದೆ, ಮಾಂಸದ ಸಾರು, ಟೊಮ್ಯಾಟೊ ಗೊಜ್ಜು, ಬಾಳೆಹಣ್ಣು. ಅಮ್ಮ ತಾನೇ ಕೂತು ಬಸ್ಸಾರು ಮಾಡಿದ್ದಳು, ಕಟ್ಟು ಒಂದು ಹನಿಯೂ ಚೆಲ್ಲದೆ. ತೋಟದಿಂದ ತಂದ ಎಳನೀರು ಕೆತ್ತಿ ಚಿಕ್ಕಮ್ಮ ಫೋಟೋ ಮುಂದೆ ಒಂದು ಇಟ್ಟಳು.

ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಅಲ್ಲಿಂದಲೇ ಅಂದಳು, "ಒಂದ್ಯಾಕೆ, ಎರಡು ಇಡೇ. ಇನ್ಯಾರು ಪೊಟ್ಯಾಷಿಯಂ ನೋಡ್ತಾರೆ?"

ರೂಮಿನಲ್ಲಿ ಯಾರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ. ಅಮ್ಮ ಫೋಟೋ ಕಡೆ ತಿರುಗಿ, ಬದುಕಿದ್ದಾಗ ಬೈಯುತ್ತಿದ್ದ ಅದೇ ದನಿಯಲ್ಲಿ, "ಕುಡೀರಿ, ಕುಡೀರಿ. ಈ ವಾರ ಬ್ಲಡ್ ಟೆಸ್ಟ್ ಇಲ್ಲ" ಅಂದಳು.

ಮೊದಲು ಅತ್ತೆಗೆ ಮೂಗಿನಲ್ಲಿ ಪುಸಕ್ ಅಂತ ನಗು ಬಂತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಚಿಕ್ಕಮ್ಮ. ಆಮೇಲೆ ನಾನು. ಅಮ್ಮನೂ ನಕ್ಕಳು. ಮೂರು ವರ್ಷದ್ದು ಬಾಕಿ ಇತ್ತಲ್ಲ, ನಿಲ್ಲಲೇ ಇಲ್ಲ. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಎರಡೂ ಒಟ್ಟಿಗೇ ನಡೆಯುತ್ತಿದ್ದವು. ಹೊರಗೆ ಶಾಮಿಯಾನದ ಕೆಳಗೆ ಕೂತಿದ್ದ ಹಿರಿಯರೊಬ್ಬರು, "ಸಾವಿನ ಮನೇಲಿ ಇದೆಂಥ ನಗು?" ಅಂತ ಕೇಳಿದ್ದು ಒಳಗೆ ಕೇಳಿಸಿತು. ಅತ್ತೆ ಅಲ್ಲಿಂದಲೇ, "ನಮ್ಮಣ್ಣಂದು, ನಾವು ನಗ್ತೀವಿ" ಅಂತ ಕೂಗಿದಳು.

ಆ ಮಾತು ಊರಲ್ಲಿ ಸ್ವಲ್ಪ ದಿನ ಓಡಾಡಿತು. ಗಂಡ ಹೋಗಿ ಹದಿನೈದು ದಿನ ಆಗಿಲ್ಲ, ನಕ್ಕಳಂತೆ. ಅಳದೆ ಇದ್ದರೂ ಕಷ್ಟ, ನಕ್ಕರಂತೂ ಮುಗಿದೇಹೋಯಿತು, ಅದೂ ಹೆಂಗಸಾದರೆ. ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಂಡವಳು ನಾನು. ಹುಡುಕಿದಾಗ ಡೇಕರ್ ಕೆಲ್ಟ್ನರ್, ಜಾರ್ಜ್ ಬೊನಾನ್ನೊ ಅನ್ನುವ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಸಿಕ್ಕಿತು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಆರು ತಿಂಗಳಾದವರನ್ನು ಕೂರಿಸಿ ಹೋದವರ ಬಗ್ಗೆ ಮಾತಾಡಿಸಿ, ಅವರ ಮುಖ ಗಮನಿಸಿದ್ದರು. ಮಾತಿನ ನಡುವೆ ಕಣ್ಣಂಚು ಸುಕ್ಕಾಗುವಂಥ ನಿಜವಾದ ನಗು ನಕ್ಕವರಲ್ಲಿ ಸಿಟ್ಟು, ಸಂಕಟ ಕಮ್ಮಿ ಇತ್ತು. ಸತ್ತವರ ಜೊತೆಗಿನ ಸಂಬಂಧದ ಬಗ್ಗೆಯೂ ಅವರು ಒಳ್ಳೆಯ ಮಾತು ಹೇಳಿದ್ದರು. ನಕ್ಕಿದ್ದಕ್ಕೆ ಅವರು ಚೇತರಿಸಿಕೊಂಡರೋ, ಚೇತರಿಸಿಕೊಂಡಿದ್ದಕ್ಕೆ ನಕ್ಕರೋ ಅನ್ನೋದು ಬೇರೆ ಪ್ರಶ್ನೆ. ಮಕ್ಕಳಿಗೆ ದಿನಾ ಹೇಳುವ ಪಾಠ ಅದು, ಜೊತೆಗೆ ಕಂಡಿದ್ದೆಲ್ಲ ಕಾರಣ ಆಗುವುದಿಲ್ಲ ಅಂತ. ಆದರೂ ಓದಿ ನನಗೆ ಧೈರ್ಯ ಬಂತು. ಅಮ್ಮನಿಗೆ ಹೇಳಿದೆ. "ಅಮೆರಿಕದಲ್ಲಿ ಇದಕ್ಕೂ ಸಂಬಳ ಕೊಡ್ತಾರಾ?" ಅಂದಳು.

ಸ್ಕೂಲಿನಲ್ಲಿ ಒಬ್ಬ ಸಹೋದ್ಯೋಗಿ ನನ್ನ ಮೇಲಿನ ಪ್ರೀತಿಗೆ ಲಾಫ್ಟರ್ ಕ್ಲಬ್ಬಿಗೆ ಬನ್ನಿ ಅಂದರು. ಮದನ್ ಕಟಾರಿಯಾ ಅನ್ನುವ ಡಾಕ್ಟರು 1995ರಲ್ಲಿ ಮುಂಬೈನ ಪಾರ್ಕಿನಲ್ಲಿ ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಶುರು ಮಾಡಿದ್ದು ಅದು. ಮೊದಮೊದಲು ಜೋಕು ಹೇಳಿಕೊಂಡು ನಗುತ್ತಿದ್ದರಂತೆ. ಕೆಲವು ದಿನಕ್ಕೆ ಜೋಕು ಖಾಲಿಯಾಗಿ, ಜೋಕಿಲ್ಲದೆ ನಗುವ ದಾರಿ ಕಂಡುಕೊಂಡರಂತೆ. ನಾನು ಒಂದು ಬೆಳಗ್ಗೆ ಹೋದೆ. ಎಲ್ಲರೂ ಕೈ ಮೇಲೆತ್ತಿ ಹೊಹ್ಹೊ ಅಂದರು. ಅವರಿಗೆ ಒಳ್ಳೆಯದಾಗಲಿ. ನ್ಯಾಯವಾಗಿ ನೋಡಿದರೆ ಒಂಟಿಯಾಗಿ ಮನೆಯಲ್ಲಿ ಕೂರುವವರಿಗೆ ಅದೊಂದು ಒಳ್ಳೆಯ ಜಾಗವೇ. ನನಗೆ ಮಾತ್ರ ಆಗಲಿಲ್ಲ. ನನಗೆ ಏನಾದರೂ ಒಂದು ಬೇಕು, ಬಸ್ಸಾರೋ, ಪೊಟ್ಯಾಷಿಯಮ್ಮೋ. ಸುಮ್ನೆ ಗಾಳಿಗೆ ನಗೋಕೆ ಬರಲ್ಲ. 'ನಗು ಒಂದೇ ಔಷಧಿ' ಅಂತ ವಾಟ್ಸಾಪ್‌ನಲ್ಲಿ ಗುಲಾಬಿ ಹೂವಿನ ಜೊತೆ ಕಳಿಸುವವರಿಗೆ ಒಂದು ಮಾತು. ಅಪ್ಪನ ಔಷಧಿಯ ಡಬ್ಬ ನಾನು ನೋಡಿದ್ದೇನೆ. ಮಾತ್ರೆ ಬಹಳ ಇದ್ದವು.

ತಮ್ಮನಿಗೆ ಮಾತ್ರ ಇದ್ಯಾವುದೂ ಸೇರುವುದಿಲ್ಲ. ಅಪ್ಪನ ಜೋಕುಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ತೋಟದ ಕಡೆ ಹೋಗುತ್ತಾನೆ. "ಅಕ್ಕ, ನಿಂಗೆ ಅದು ನಗು. ನಂಗೆ ಪ್ರತಿ ಜೋಕಲ್ಲೂ ಅಪ್ಪ ಹೆದರಿದ್ದೇ ಕೇಳ್ಸುತ್ತೆ" ಅಂದ ಒಂದು ಸಲ. ಅವನು ಹೇಳಿದ್ದು ಸುಳ್ಳೇನಲ್ಲ. ಅವನ ಮುಂದೆ ನಾನು ಈಗ ಆ ಮಾತು ಎತ್ತುವುದಿಲ್ಲ. ಅಮ್ಮ ಎತ್ತುತ್ತಾಳೆ. ಅಮ್ಮನಿಗೆ ಯಾರು ಹೇಳೋದು?

ಮೊನ್ನೆ ವರ್ಷದ ತಿಥಿಯ ಕಾರ್ಡು ಮಾಡಿಸುವ ಮಾತು ಬಂತು. ಪ್ರೆಸ್ಸಿನವನು ಹಳೇ ನಮೂನೆಗಳನ್ನು ಕಳಿಸಿದ್ದ. ಎಲ್ಲದರಲ್ಲೂ ದೀಪ, ಎಲ್ಲದರಲ್ಲೂ 'ಅಗಲಿದ ದಿವ್ಯ ಚೇತನ'. ಅಪ್ಪನಿಗೆ ಅದು ಹೊಂದುವುದಿಲ್ಲ ಅಂತ ನನ್ನ ವಾದ. ನಾಲ್ಕು ಜನ ಬರುವ ಕಾರ್ಯಕ್ಕೆ ತಮಾಷೆ ಬೇಡ ಅಂತ ತಮ್ಮನ ವಾದ. ತಮ್ಮನ ಮಾತಿನಂತೆಯೇ ಮಾಡಿದೆವು, ದೀಪ ಇರೋದೇ ಹಾಕಿಸಿದೆವು. ಎಷ್ಟು ಜನಕ್ಕೆ ಅಡುಗೆ ಹೇಳಬೇಕು ಅಂತ ಅವನು ಪೆನ್ನು ಹಿಡಿದು ಕೂತ. ಕಾರ್ಡು ನೂರು, ಊಟ ನೂರು ಅಂತ ಬರೆದ.

"ಇನ್ನೂರು ಬರಿ" ಅಂದಳು ಅಮ್ಮ.

"ನೂರು ಕಾರ್ಡಿಗೆ ಇನ್ನೂರು ಊಟ ಯಾಕಮ್ಮ?"

"ಬಸ್ಸು ಫ್ರೀ ಕಣೋ. ಕಾರ್ಡಲ್ಲಿ ಗಂಡಸರ ಹೆಸರಿರುತ್ತೆ, ಬರೋರು ಹೆಂಗಸರು."